ಪಂದ್ಯ ನೋಡುವವರು, ಪಂದ್ಯ ಕಟ್ಟುವವರು

ಊರಿನಿಂದ ನೆಂಟರು ಬಂದರೆಂದರೆ ಪುಣೆಯ ಕನ್ನಡಿಗರಿಗೆ ಒಂದು ಚಿಂತೆ ಹತ್ತುತ್ತದೆ. ಇವರಿಗೆ ಏನನ್ನು ತೋರಿಸುವುದು? ಶನಿವಾರವಾಡೆ, ಪರ್ವತಿ, ದಗಡೂಶೇಟ ಗಣಪತಿ, ಇಷ್ಟು ಎರಡು ದಿನಗಳಲ್ಲಿ ಮುಗಿಯುತ್ತದೆ. ಮೂರನೆಯ ದಿನಕ್ಕೆ ಹೊಸದೇನಾದರೂ ಬೇಕು. ಹೀಗೆಯೇ ಒಂದು ಮಳೆಗಾಲದಲ್ಲಿ ಧಾರವಾಡದ ಕಡೆಯಿಂದ ಬಂದ ನಮ್ಮ ಕಾಕಾ ಅವರನ್ನು ಎಂಪ್ರೆಸ್ ಗಾರ್ಡನ್ ನೋಡಲು ಕರೆದೊಯ್ದಿದ್ದೆವು. ತೋಟದ ನೆರೆಯಲ್ಲಿಯೇ ಕಟಕಟೆ ಹಾಕಿದ ವಿಶಾಲವಾದ ಹಸಿರು ಬಯಲು. ಒಕ್ಕಲುತನ ಮಾಡಿದ ಕಣ್ಣು ಅಲ್ಲಿಯೇ ನೆಟ್ಟಿತು.

“ಇಂಥಾ ಚೊಲೊ ಹೊಲಾ ಬೀಳು ಬಿಟ್ಟಾರಲ್ಲೊ! ಇಲ್ಲೇನ ಬೆಳೀತಾರ?”

“ಇದು ಹೊಲ ಅಲ್ರಿ ಕಾಕಾ, ಇಲ್ಲಿ ಕುದರಿ ಓಡಸ್ತಾರ.”

“ಓಡಿ ಎಲ್ಲಿಗೆ ಹೋಗ್ತಾವ?”

“ಎಲ್ಲಿಗೂ ಇಲ್ರಿ. ಸುತ್ತ ಹಾಕಿ ಹೊಳ್ಳಿ ಅಲ್ಲೇ ಬರ್ತಾವ.”

“ಮತ್ತ ಜನರ ರೊಕ್ಕ?”

“ಅದೊಂದು ಹೊಳ್ಳಿ ಬರೂದಿಲ್ರಿ.”

ಕಾಕಾ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಪರಊರಿನವರು ಬಂದು ನೋಡುವಂಥ ಆಟಗಳಿಗೆ ಪುಣೆ ಸುಮಾರು ಎರಡು ನೂರು ವರ್ಷಗಳಿಂದ ಹೆಸರಾದ ಊರು. ಈ ಆಟಗಳ ಇತಿಹಾಸದಲ್ಲಿ ನಮ್ಮ ಕನ್ನಡ ನಾಡಿನ ಪಾಲೂ ಸಣ್ಣದಲ್ಲ. ಆದರೆ ಆಟದ ಬಯಲಿಗೆ ಹೋಗುವವರಲ್ಲಿ ಯಾವಾಗಲೂ ಎರಡು ತರದವರಿದ್ದಾರೆ: ಪಂದ್ಯ ನೋಡುವವರು ಮತ್ತು ಪಂದ್ಯ ಕಟ್ಟುವವರು. ಇವರಿಬ್ಬರ ಕಥೆಯನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಕನ್ನಡದ ‘ಪಂದ್ಯ’ ಎಂಬ ಶಬ್ದವನ್ನೇ ನೋಡಿರಿ. ಸ್ಪರ್ಧೆ ಎಂಬುದು ಅದರ ಒಂದು ಅರ್ಥ, ಒಡ್ಡಿದ ಪಣ ಎಂಬುದು ಇನ್ನೊಂದು. ನಮ್ಮ ನೆರೆಯ ಮರಾಠಿಯ ‘ಶರ್ಯತ’ ಎಂಬುದಕ್ಕೂ ಓಟದ ಸ್ಪರ್ಧೆ, ಪಣ ಎಂಬ ಎರಡು ಅರ್ಥಗಳಿವೆ. ಕುದುರೆಗಳ ಓಟಕ್ಕಂತೂ ಕನ್ನಡಿಗರು ‘ಕುದುರೆ ಜೂಜು’ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. ಆಟವೂ ಪಣವೂ ಒಂದೇ ಬಳ್ಳಿಯ ಕಾಯಿಗಳೆಂಬುದನ್ನು ನುಡಿಯೇ ಹೇಳುತ್ತದೆ. ಎರಡಕ್ಕೂ ಬೇರು ಒಂದೇ. ಮುಂದೆ ಏನಾಗುವುದೋ ಗೊತ್ತಿಲ್ಲ ಎಂಬ ಕುತೂಹಲವೇ ಆ ಬೇರು.

ಆದರೂ ಇವೆರಡನ್ನು ಬೇರೆಯಾಗಿ ಕಂಡ ಒಬ್ಬ ಅರಸನು ಕನ್ನಡ ನಾಡಿನಲ್ಲಿದ್ದನು. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು 1126ರಿಂದ 1138ರ ವರೆಗೆ ಆಳಿದನು. ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಬಾಳಿನ ಎಲ್ಲ ಅಂಗಗಳನ್ನೂ ವಿವರಿಸುವ ದೊಡ್ಡ ಗ್ರಂಥ. ಇಪ್ಪತ್ತು ಅಧ್ಯಾಯಗಳ ಒಂದೊಂದು ವಿಂಶತಿಯಂತೆ ಅದರಲ್ಲಿ ಐದು ವಿಂಶತಿಗಳಿವೆ. ನಾಲ್ಕನೆಯದು ವಿನೋದ ವಿಂಶತಿ. ಮಲ್ಲರ ಕುಸ್ತಿ, ಆನೆ ಕುದುರೆಗಳ ಪಂದ್ಯ, ಕೋಳಿ ಟಗರುಗಳ ಕಾಳಗ, ಹಾಡು ಕುಣಿತ, ಇವೆಲ್ಲ ಅಲ್ಲಿ ಬರುತ್ತವೆ. ಪಗಡೆ, ಕವಡೆ, ಚದುರಂಗಗಳು ಐದನೆಯದಾದ ಕ್ರೀಡಾ ವಿಂಶತಿಯಲ್ಲಿವೆ. ಸಭೆ ಕೂಡಿ ನೋಡುವ ಸಂತೋಷ ಒಂದು ಕಡೆ, ದಾಳ ಹಿಡಿದು ಕೂರುವ ಸಂತೋಷ ಇನ್ನೊಂದು ಕಡೆ. ಒಂಬತ್ತು ಶತಮಾನಗಳ ಹಿಂದೆ ಹಾಕಿದ ಈ ವಿಭಾಗ ಇಂದಿಗೂ ಉಪಯೋಗಕ್ಕೆ ಬರುವಂತಿದೆ.

ನೋಡುವ ಆಟಕ್ಕೆ ಪರದೇಶದ ಅತಿಥಿಗಳನ್ನು ಕರೆದು ಕೂರಿಸುವ ವಾಡಿಕೆಯೂ ನಮ್ಮಲ್ಲಿ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯಿಸನು ಮಹಾನವಮಿಯಲ್ಲಿ ಅರಸನೆದುರು ನಡೆದ ಜಟ್ಟಿಗಳ ಕಾಳಗವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಆ ಪರಂಪರೆ ಮುಂದೆ ಶ್ರೀರಂಗಪಟ್ಟಣಕ್ಕೂ ಅಲ್ಲಿಂದ ಮೈಸೂರಿಗೂ ಹರಿಯಿತು. ಮೈಸೂರಿನ ದಸರೆಗೆ ಬಂದವರು ಇಂದಿಗೂ ಕುಸ್ತಿಯನ್ನು ನೋಡಿಕೊಂಡು ಹೋಗುತ್ತಾರೆ.

ಇನ್ನು ಪುಣೆಗೆ ಬರೋಣ. 1818ರಲ್ಲಿ ಪೇಶ್ವೆಯವರ ಆಳಿಕೆ ಮುಗಿದು ಇಲ್ಲಿ ಇಂಗ್ಲಿಷರ ದಂಡು ನೆಲೆಸಿತು. ದಂಡಿನ ಅಧಿಕಾರಿಗಳಿಗೆ ಕುದುರೆಯೂ ಬೇಕು, ಹೊತ್ತು ಕಳೆಯುವ ಆಟವೂ ಬೇಕು. 1830ರಲ್ಲಿ ಸೈನ್ಯದ ಭೂಮಿಯಲ್ಲಿ ಕುದುರೆಯೋಟದ ಬಯಲು ಸಿದ್ಧವಾಯಿತು. ಸುಮಾರು 118 ಎಕರೆಯ ಈ ಬಯಲನ್ನೇ ನಮ್ಮ ಕಾಕಾ ಬೀಳು ಹೊಲವೆಂದು ಭಾವಿಸಿದ್ದು. ಮುಂಬಯಿಯಲ್ಲಿ 1802ರಲ್ಲಿ ಸ್ಥಾಪಿತವಾಗಿ, 1935ರಲ್ಲಿ ‘ರಾಯಲ್’ ಬಿರುದು ಪಡೆದ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ಬು ಮುಂಬಯಿಯ ಮಹಾಲಕ್ಷ್ಮಿ ಬಯಲಿನಲ್ಲಿಯೂ ಪುಣೆಯಲ್ಲಿಯೂ ಓಟಗಳನ್ನು ನಡೆಸುತ್ತದೆ. ಮಳೆಗಾಲದಲ್ಲಿ ಮುಂಬಯಿಯ ಬಯಲು ನೀರು ಹಿಡಿಯುತ್ತದೆ. ಪುಣೆಯ ಮಳೆ ಹಗುರ, ಹವೆ ತಂಪು. ಮುಂಬಯಿಯ ಗವರ್ನರರೂ ಮಳೆಗಾಲಕ್ಕೆ ಗಣೇಶಖಿಂಡಿಯ ಬಂಗಲೆಗೆ ಬಂದು ಇರುತ್ತಿದ್ದರು. ಇಂದಿನ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವೇ ಆ ಬಂಗಲೆ. ದೊರೆ ಬಂದಲ್ಲಿಗೆ ದರಬಾರು ಬರುತ್ತದೆ, ದರಬಾರು ಬಂದಲ್ಲಿಗೆ ಆಟ ಬರುತ್ತದೆ. ಹೀಗೆ ಜುಲೈಯಿಂದ ಅಕ್ಟೋಬರಿನ ವರೆಗೆ ಪುಣೆಯ ಹಂಗಾಮು ಎಂಬ ಪದ್ಧತಿ ಬೇರೂರಿತು.

ನಮ್ಮಲ್ಲಿ ಅನೇಕರು ಮುಂಬಯಿಗೆ ಹೋಗಿಬರುವ ‘ಡೆಕ್ಕನ್ ಕ್ವೀನ್’ ರೈಲುಗಾಡಿಗೂ ಈ ಬಯಲಿಗೂ ಸಂಬಂಧವಿದೆ. 1930ರ ಜೂನ್ 1ರಂದು ಆರಂಭವಾದಾಗ ಅದು ವಾರದ ಕೊನೆಯಲ್ಲಿ ಮಾತ್ರ ಓಡುತ್ತಿತ್ತು. ಮುಂಬಯಿಯ ಸಿರಿವಂತರನ್ನು ಪುಣೆಯ ಕುದುರೆಯೋಟಕ್ಕೆ ಕರೆತರುವುದು ಅದರ ಒಂದು ಮುಖ್ಯ ಉದ್ದೇಶವಾಗಿತ್ತು. ಆಮೇಲೆ ಅದು ದಿನನಿತ್ಯದ ಗಾಡಿಯಾಗಿ, ಡಬ್ಬಿ ಹಿಡಿದು ಕಚೇರಿಗೆ ಹೋಗುವವರ ಪಾಲಿಗೆ ಬಂದಿತು. ಜೂಜಿಗೆಂದು ಹುಟ್ಟಿ ದುಡಿಮೆಗೆ ಒದಗಿದ ಗಾಡಿ ಅದು.

ಕುದುರೆಗಳ ವಿಷಯದಲ್ಲಿ ಕನ್ನಡ ನಾಡೂ ಹಿಂದೆ ಬಿದ್ದಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಕುದುರೆಗಳನ್ನು ಸಾಕುತ್ತಿದ್ದರು. ಅದೇ ಕುಣಿಗಲ್ಲು ಮುಂದೆ ಓಟದ ಕುದುರೆಗಳ ತವರಾಯಿತು. ಮೈಸೂರಿನ ರೇಸ್ ಕ್ಲಬ್ಬು 1891ರಷ್ಟು ಹಳೆಯದು. ಬೆಂಗಳೂರಿನ ಬೇಸಗೆಯ ಹಂಗಾಮು ಮುಗಿಯುತ್ತಿದ್ದಂತೆ ಕುದುರೆಗಳೂ ಸವಾರರೂ ಮಳೆಗಾಲದ ಊರುಗಳತ್ತ ಹೊರಡುತ್ತಾರೆ. ಹೊಟ್ಟೆಯ ಪಾಡಿಗೆ ಬೆಂಗಳೂರು ಬಿಟ್ಟು ಪುಣೆಗೆ ಬಂದವರು ನಾವಷ್ಟೇ ಅಲ್ಲವೆಂದು ತಿಳಿದರೆ ಒಂದು ಬಗೆಯ ಸಮಾಧಾನವಾದೀತು.

ಪುಣೆಯ ಆಟ ಕುದುರೆಯ ಬಯಲಿಗಷ್ಟೇ ಸೀಮಿತವಾಗಿರಲಿಲ್ಲ. ಬ್ಯಾಡ್ಮಿಂಟನ್ ಆಟಕ್ಕೆ ಮೊದಲು ‘ಪೂನಾ’ ಎಂಬ ಹೆಸರೇ ಇದ್ದಿತು. ಆದರೆ ನಮಗೆ ಹತ್ತಿರವಾದುದು ಇಲ್ಲಿಯ ಕ್ರಿಕೆಟ್ಟಿನ ಕಥೆ. ಅದರ ನಾಯಕ ಪಾಲವಣಕರ ಬಾಳೂ. ಅವರ ಮನೆತನದ ಮೂಲ ಕೊಂಕಣದ ಪಾಲವಣಿ. ಅವರು ಹುಟ್ಟಿದ್ದು 1875–76ರ ಸುಮಾರಿಗೆ, ನಮ್ಮ ಧಾರವಾಡದಲ್ಲಿ. ದಲಿತ ಕುಟುಂಬ. ತಂದೆ ಸೈನ್ಯದಲ್ಲಿ ಚಾಕರಿ ಮಾಡುತ್ತಿದ್ದರು. ಹುಡುಗ ಬಾಳೂ ಪುಣೆಯಲ್ಲಿ ಪಾರಸೀ ಜನರ ಕ್ರಿಕೆಟ್ ಕ್ಲಬ್ಬಿನ ಬಯಲನ್ನು ಗುಡಿಸಿ ಉರುಳುಗಲ್ಲು ಎಳೆಯುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ 3 ರೂಪಾಯಿ. ಮುಂದೆ ಇಂಗ್ಲಿಷರ ಕ್ಲಬ್ಬಿನಲ್ಲಿ 4 ರೂಪಾಯಿಗೆ ಅದೇ ಕೆಲಸ. ಅಲ್ಲಿ ದೊರೆಗಳ ಅಭ್ಯಾಸಕ್ಕೆಂದು ಚೆಂಡು ಎಸೆಯುವ ಅವಕಾಶ ಸಿಕ್ಕಿತು. ಬ್ಯಾಟು ಮಾತ್ರ ಅವರ ಕೈಗೆ ಬರಲಿಲ್ಲ. ಗ್ರೆಗ್ ಎಂಬ ಹೆಸರಾಂತ ಆಟಗಾರರು, ತಮ್ಮನ್ನು ಔಟು ಮಾಡಿದಾಗಲೆಲ್ಲ ಬಾಳೂ ಅವರಿಗೆ ಎಂಟಾಣೆ ಕೊಡುತ್ತಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಪಂದ್ಯ ಕಟ್ಟುವ ಕಥೆಗಳಲ್ಲೆಲ್ಲ ನಮಗೆ ಮೆಚ್ಚಿಗೆಯಾಗುವುದು ಇದೊಂದೇ. ಏಕೆಂದರೆ ಇಲ್ಲಿ ಎಂಟಾಣೆ ಬಂದದ್ದು ಅದೃಷ್ಟದಿಂದಲ್ಲ, ಮಣಿಕಟ್ಟಿನ ಶ್ರಮದಿಂದ.

ಪುಣೆಯ ಹಿಂದೂ ತಂಡವು ಬಾಳೂ ಅವರನ್ನು ಆಟಕ್ಕೆ ಸೇರಿಸಿಕೊಂಡಿತು. ಬಯಲಿನಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಮಾತ್ರ ಅವರು ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಇಂಗ್ಲಿಷರ ತಂಡವನ್ನು 109 ಓಟಗಳಿಂದ ಸೋಲಿಸಿದಾಗ ಬಾಳೂ 8 ಹುದ್ದರಿಗಳನ್ನು ಉರುಳಿಸಿದ್ದರು. 1911ರಲ್ಲಿ ಇಂಗ್ಲಂಡಿನ ಪ್ರವಾಸದಲ್ಲಿ 114 ಹುದ್ದರಿಗಳನ್ನು ಪಡೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ದೊರೆಯಿತು. ಆಟ ನೋಡಲು ಬಂದ ಸಾವಿರಾರು ಜನ, ಬಾಳೂ ಅವರ ಚೆಂಡನ್ನು ನೋಡುತ್ತ ನೋಡುತ್ತ, ಮನುಷ್ಯನನ್ನು ನೋಡುವ ಪಾಠವನ್ನೂ ಸ್ವಲ್ಪ ಕಲಿತರು. ನೋಡುವ ಆಟಕ್ಕೆ ಈ ಶಕ್ತಿಯುಂಟು.

ಇನ್ನೊಂದು ಬಯಲು ಡೆಕ್ಕನ್ ಜಿಮಖಾನೆಯದು. 1906ರಲ್ಲಿ ಆರಂಭವಾದ ಈ ಸಂಸ್ಥೆಯ ಕ್ರೀಡಾಕೂಟವನ್ನು 1919ರಲ್ಲಿ ಸರ್ ದೋರಾಬ್ಜಿ ಟಾಟಾ ಅವರು ಕಂಡರು. ಹೊಲದಲ್ಲಿ ದುಡಿಯುವ ಹುಡುಗರು ಬರಿಗಾಲಿನಲ್ಲಿ ಓಡುತ್ತಿದ್ದರು. ಕಾಲಿಗೆ ಬೂಟಿಲ್ಲ, ಕಲಿಸುವ ಗುರುವಿಲ್ಲ. ಆದರೂ ಅವರ ವೇಗ ಯುರೋಪಿನ ಓಟಗಾರರಿಗೆ ಬಹಳ ಹಿಂದೆ ಬೀಳುವಂಥದಾಗಿರಲಿಲ್ಲ. ಇವರನ್ನು ಒಲಿಂಪಿಕ್ ಪಂದ್ಯಗಳಿಗೆ ಏಕೆ ಕಳಿಸಬಾರದು ಎಂಬ ವಿಚಾರ ಅಲ್ಲಿ ಹುಟ್ಟಿತು. ಮರುವರ್ಷ, 1920ರಲ್ಲಿ, ಪುಣೆಯಲ್ಲಿ ಆಯ್ಕೆ ನಡೆದು ಭಾರತದ ಸಣ್ಣ ತಂಡವೊಂದು ಬೆಲ್ಜಿಯಮ್ಮಿನ ಆಂಟ್ವರ್ಪ್ ನಗರಕ್ಕೆ ಹೋಯಿತು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಅವರು 19ನೆಯವರಾಗಿ ಬಂದರು. ಪದಕ ಬರಲಿಲ್ಲ. ಆದರೆ ನಮ್ಮ ಬೆಳಗಾವಿಯ ಮನುಷ್ಯನೊಬ್ಬನು ಪುಣೆಯ ಬಯಲಿನಿಂದ ಹೊರಟು ಜಗತ್ತಿನ ಬಯಲಿನಲ್ಲಿ ಓಡಿದನೆಂಬುದು ಸಣ್ಣ ಮಾತೇನು? ನಮ್ಮ ಮಕ್ಕಳ ಪೈಕಿ ಎಷ್ಟು ಜನರಿಗೆ ಈ ಹೆಸರು ಗೊತ್ತಿದೆ?

ಕುಸ್ತಿಯಲ್ಲಂತೂ ಕನ್ನಡ ಮರಾಠಿಗಳ ನಡುವೆ ಗಡಿಯೇ ಇಲ್ಲ. ನಮ್ಮ ಗರಡಿಮನೆ, ಇವರ ತಾಲೀಮು, ಕೆಮ್ಮಣ್ಣು ಒಂದೇ. ಚಿಕ್ಕೋಡಿಯ ಕಡೆಯ ಎಕ್ಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಲಾಪುರದ ತಾಲೀಮಿನಲ್ಲಿ ಮೈ ಪಳಗಿಸಿ, 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾಸಿಂಗರನ್ನು ಚಿತ್ ಮಾಡಿ ಮೊದಲನೆಯ ‘ಹಿಂದ್ ಕೇಸರಿ’ ಎನಿಸಿದರು. 2020ರಲ್ಲಿ ಅವರು ತೀರಿಕೊಂಡಾಗ ಗಡಿಯ ಎರಡೂ ಕಡೆಯವರು ‘ನಮ್ಮವರು’ ಎಂದು ಕಣ್ಣೀರು ತಂದರು. ಗಡಿಯ ಜಗಳಗಳ ನಡುವೆ ಬದುಕುವ ನಮಗೆ ಇದು ನೆನಪಿನಲ್ಲಿಡತಕ್ಕ ಸಂಗತಿ.

ಇಲ್ಲಿಯ ವರೆಗೆ ನೋಡುವವರ ಕಥೆಯಾಯಿತು. ಇನ್ನು ಕಟ್ಟುವವರದು.

ಕುದುರೆಯ ಬಯಲಿನಲ್ಲಿ ಹಣ ಕಟ್ಟುವ ಒಂದು ಏರ್ಪಾಡಿಗೆ ಟೋಟಲೈಜೇಟರ್ ಎಂದು ಹೆಸರು. ಜನರ ಬಾಯಲ್ಲಿ ಅದು ಟೋಟು. ಅದರ ಲೆಕ್ಕ ಸರಳವಾದುದು. ನೂರು ಜನ ತಲಾ ಹತ್ತು ರೂಪಾಯಿ ಕಟ್ಟಿದರೆಂದು ಇಟ್ಟುಕೊಳ್ಳಿ. ಕೂಡಿದ್ದು ಸಾವಿರ. ಅದರಲ್ಲಿ ಮೊದಲು ಕ್ಲಬ್ಬಿನ ಪಾಲು, ಸರಕಾರದ ತೆರಿಗೆ ಹೋಗಬೇಕು. ಇವೆರಡೂ ಸೇರಿ ಇನ್ನೂರಾದರೆ ಉಳಿದ ಎಂಟು ನೂರನ್ನಷ್ಟೇ ಗೆದ್ದವರು ಹಂಚಿಕೊಳ್ಳಬೇಕು. ಯಾವ ಕುದುರೆ ಗೆದ್ದರೂ ಸರಿ, ನೂರು ಜನರ ಗುಂಪು ಒಟ್ಟಿಗೆ ಇನ್ನೂರು ರೂಪಾಯಿ ಸೋತೇ ಮನೆಗೆ ಹೋಗುತ್ತದೆ. ಒಂದು ದಿನ ಒಬ್ಬನು ಗೆದ್ದಾನು. ವರ್ಷವಿಡೀ ಎಲ್ಲರೂ ಗೆಲ್ಲುವುದು ಗಣಿತಕ್ಕೇ ವಿರುದ್ಧ.

ನಾವು ಹಿಂದೆ ಇದ್ದ ವಾಡೆಯಲ್ಲಿ ನಮ್ಮ ಕಡೆಯವರೇ ಒಬ್ಬರು ಬಿಡಾರ ಮಾಡಿಕೊಂಡಿದ್ದರು. ಒಳ್ಳೆಯ ಮನುಷ್ಯ, ಕೈಯಲ್ಲಿ ಕಸಬಿತ್ತು. ಮಳೆಗಾಲ ಬಂದರೆ ಅವರ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತು. ಒಂದು ವರ್ಷ ಮನೆಯಾಕೆಯ ಬಿಲ್ವಾರಗಳು ಹೋದವು. ಇನ್ನೊಂದು ವರ್ಷ ಮಗನ ಶಾಲೆಯ ಶುಲ್ಕವನ್ನು ವಾಡೆಯವರು ಕೂಡಿಸಿ ತುಂಬಿದರು. ಒಮ್ಮೆ ನಾವು ಅವರನ್ನು, ಅಷ್ಟು ವರ್ಷ ನೋಡಿದ ಕುದುರೆಗಳಲ್ಲಿ ಚಂದದ ಓಟ ಯಾವುದರದು ಎಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಓಟ ನೋಡ್ಲಿಕ್ಕೆ ಪುರಸೊತ್ತು ಎಲ್ಲಿತ್ತರಿ? ಕಣ್ಣು ಚೀಟೀ ಮ್ಯಾಲೇ ಇರ್ತಿತ್ತು” ಎಂದರು. ಕಟ್ಟುವವನು ಹಣವನ್ನಷ್ಟೇ ಅಲ್ಲ, ಆಟವನ್ನೂ ಕಳೆದುಕೊಳ್ಳುತ್ತಾನೆಂದು ನಮಗೆ ತಿಳಿದದ್ದು ಅಂದು.

ಕಾನೂನು ಈ ಎರಡರ ನಡುವೆ ಗೆರೆ ಎಳೆಯಲು ಬಹಳ ಕಾಲದಿಂದ ಒದ್ದಾಡುತ್ತಿದೆ. 1887ರ ಮುಂಬಯಿ ಜೂಜು ನಿರ್ಬಂಧ ಕಾಯದೆಯು ಕೇವಲ ಕೌಶಲದ ಆಟಗಳನ್ನು ಬಿಟ್ಟು ಉಳಿದ ಜೂಜನ್ನು ತಡೆಯಿತು. 1912ರ ಕಾಯದೆ ಕುದುರೆಯ ಬಯಲುಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಸ್ವಾತಂತ್ರ್ಯದ ನಂತರದ ಒಂದು ಮೊಕದ್ದಮೆಯಲ್ಲಿ ನಮ್ಮ ಬೆಂಗಳೂರೂ ಸೇರಿದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆ ಬಹುಮಾನದ ಪದಬಂಧಗಳನ್ನು ನಡೆಸುತ್ತಿತ್ತು. ಮುಂಬಯಿ ರಾಜ್ಯದಲ್ಲಿ ಅದರ ಪ್ರಸಾರ ಹೆಚ್ಚು. ಜನರ ಚೀಟಿ ಮತ್ತು ಹಣ ಕೂಡಿಸುವ ಕೇಂದ್ರಗಳೂ ಇಲ್ಲಿದ್ದವು. ಮುಂಬಯಿ ಸರಕಾರ ತೆರಿಗೆ ಹಾಕಿದಾಗ, ನಮ್ಮದು ವ್ಯಾಪಾರ, ಅದೂ ಬೇರೆ ರಾಜ್ಯದ್ದು, ಎಂದು ನಡೆಸುವವರು ವಾದಿಸಿದರು. 1957ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ನೆನೆದು, ಜೂಜು ವ್ಯಾಪಾರವೇ ಅಲ್ಲವೆಂದು ತೀರ್ಪಿತ್ತಿತು. ಧರ್ಮರಾಯನ ದಾಳ ಹೀಗೆ ಹೊಸ ಭಾರತದ ನ್ಯಾಯಾಲಯದಲ್ಲಿಯೂ ಸಾಕ್ಷಿಗೆ ಬಂದಿತು.

ಆದರೆ ಗೆರೆ ಒಂದೇ ಕಡೆ ನಿಲ್ಲಲಿಲ್ಲ. 1967ರಲ್ಲಿ ಅದೇ ನ್ಯಾಯಾಲಯ ಇಸ್ಪೀಟಿನ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. 1996ರಲ್ಲಿ ಕುದುರೆಯೋಟವೂ ಕೌಶಲದ್ದೇ, ಜೂಜಲ್ಲ, ಎಂದಿತು. ಕುದುರೆಯ ಕೌಶಲ, ಸವಾರನ ಕೌಶಲ ನಮಗೂ ಒಪ್ಪಿಗೆ. ಆದರೆ ಚೀಟಿ ಹಿಡಿದ ನಮ್ಮ ವಾಡೆಯ ಗೃಹಸ್ಥರ ಕೌಶಲ ಏನಿತ್ತೆಂಬುದು ನಮಗೆ ಇನ್ನೂ ತಿಳಿದಿಲ್ಲ. ಆಮೇಲೆ ಜೂಜು ಬಯಲನ್ನು ಬಿಟ್ಟು ಅಂಗೈಯ ಮೊಬೈಲಿಗೆ ಬಂದಿತು. ಕರ್ನಾಟಕವು 2021ರಲ್ಲಿ ತಂದ ತಡೆಯನ್ನು 2022ರ ಫೆಬ್ರವರಿಯಲ್ಲಿ ಅಲ್ಲಿಯ ಹೈಕೋರ್ಟು ತೆಗೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯದೆಯೊಂದನ್ನು ಮಾಡಿ, ಹಣ ಕಟ್ಟುವ ಆನ್‌ಲೈನ್ ಆಟವನ್ನು, ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸಿತು. ಕುದುರೆಯ ಬಯಲಿಗೆ ಹೋಗಲು ಮಳೆಗಾಲ ಬರಬೇಕಾಗಿತ್ತು, ರವಿವಾರ ಬರಬೇಕಾಗಿತ್ತು, ಅಂಗಿ ತೊಟ್ಟು ಹೊರಡಬೇಕಾಗಿತ್ತು. ಮೊಬೈಲಿನ ಜೂಜಿಗೆ ಹಾಸಿಗೆಯಿಂದ ಏಳಬೇಕಾಗಿಯೂ ಇರಲಿಲ್ಲ. ಊರು ಬಿಟ್ಟು ಬಂದು ಒಂಟಿ ಕೋಣೆಗಳಲ್ಲಿ ಇರುವ ನಮ್ಮ ಹುಡುಗರ ತಂದೆತಾಯಿಗಳಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಪ್ರವಾಸಿಗರ ಹಣಕ್ಕಾಗಿ ಜೂಜನ್ನು ನಡೆಸೋಣವೆಂಬ ವಾದವೂ ಆಗಾಗ ಕೇಳಿಬರುತ್ತದೆ. ಇದರ ಗುರು ಯುರೋಪಿನ ಮೊನಾಕೊ ಸಂಸ್ಥಾನ. ಅಲ್ಲಿಯ ಮೊಂಟೆ ಕಾರ್ಲೊ ಜೂಜಿನ ಮನೆ ಜಗತ್ಪ್ರಸಿದ್ಧ. ಆದರೆ ಮೊನಾಕೊದ ಪ್ರಜೆಗಳು ಅಲ್ಲಿ ಆಡುವಂತಿಲ್ಲ. ನಮ್ಮ ಮಗ್ಗುಲಿನ ಗೋವೆಯೂ 1992ರ ತಿದ್ದುಪಡಿಯಿಂದ ಕ್ಯಾಸಿನೊಗಳಿಗೆ ಬಾಗಿಲು ತೆರೆಯಿತು. 2020ರ ಫೆಬ್ರವರಿಯಿಂದ ಗೋವೆಯವರಿಗೇ ಅಲ್ಲಿ ಆಡಲು ನಿರ್ಬಂಧ ಬಂದಿತು. ಮಹಾರಾಷ್ಟ್ರವು 1976ರಲ್ಲಿಯೇ ಕ್ಯಾಸಿನೊ ಕಾಯದೆಯೊಂದನ್ನು ಮಾಡಿ, ಅದನ್ನು ಎಂದೂ ಜಾರಿಗೆ ತರದೆ, 2023ರಲ್ಲಿ ರದ್ದು ಮಾಡಿತು. ಅರ್ಧ ಶತಮಾನದ ಅನುಮಾನದ ಕೊನೆಗೆ ಬಂದ ಆ ನಿರ್ಣಯವನ್ನು ನಾವು ಮೆಚ್ಚಬೇಕು. ಮನೆಯ ಮಕ್ಕಳಿಗೆ ಉಣಬಡಿಸಲು ಅಂಜುವ ಅಡಿಗೆಯನ್ನು ಅತಿಥಿಯ ಎಲೆಗೆ ಬಡಿಸುವುದು ಯಾವ ಮನೆತನದ ರೀತಿ? ನಮ್ಮ ಅಜ್ಜಿಯರು ಇದನ್ನು ಒಪ್ಪುತ್ತಿರಲಿಲ್ಲ.

ಹಾಗೆಂದು ಆಟ ನೋಡುವುದೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಮುಂದೇನಾಗುವುದೋ ಎಂಬ ಕುತೂಹಲ ಮನುಷ್ಯನಿಗೆ ದೇವರು ಕೊಟ್ಟ ಸಂತೋಷ. 1996ರ ಫೆಬ್ರವರಿ 29ರಂದು ಪುಣೆಯ ನೆಹರೂ ಸ್ಟೇಡಿಯಮ್ಮಿನಲ್ಲಿ ವಿಶ್ವಕಪ್ಪಿನ ಕ್ರಿಕೆಟ್ ಪಂದ್ಯ. ಬಲಾಢ್ಯ ವೆಸ್ಟ್ ಇಂಡೀಸ್ ತಂಡದ ಎದುರಿಗೆ ಕೆನ್ಯಾ ಎಂಬ ಹೊಸಬರ ತಂಡ 166 ಓಟ ಮಾಡಿ, ಎದುರಾಳಿಗಳನ್ನು ಕೇವಲ 93ಕ್ಕೆ ಮುಗಿಸಿತು. ಅಂದು ಚೀಟಿ ಇಲ್ಲದೆ ಬರಿಗೈಯಲ್ಲಿ ಕುಳಿತು ಚಪ್ಪಾಳೆ ತಟ್ಟಿದವನೇ ನಿಜವಾಗಿ ಗೆದ್ದವನು. ಅವನ ಆನಂದಕ್ಕೆ ತೆರಿಗೆಯಿಲ್ಲ, ಮನೆಗೆ ಬಂದು ಹೆಂಡತಿ ಮಕ್ಕಳೆದುರು ತಲೆ ತಗ್ಗಿಸುವ ಪ್ರಸಂಗವಿಲ್ಲ.

ಆದುದರಿಂದ ಈ ರಾಜ್ಯೋತ್ಸವದ ಸಂದರ್ಭದಲ್ಲಿ ನಮ್ಮ ಬಂಧುಗಳಿಗೆ ಒಂದು ವಿನಂತಿ. ಊರಿನ ನೆಂಟರು ಬಂದಾಗ ಮೂರನೆಯ ದಿನ ಅವರನ್ನು ಡೆಕ್ಕನ್ ಜಿಮಖಾನೆಗೆ ಕರೆದೊಯ್ದು, ನಮ್ಮ ಬೆಳಗಾವಿಯ ಚೌಗುಲೆಯವರನ್ನು ಜಗತ್ತಿಗೆ ಕಳಿಸಿದ ಸಂಸ್ಥೆ ಇದು ಎಂದು ಹೇಳಿರಿ. ಧಾರವಾಡದಲ್ಲಿ ಹುಟ್ಟಿದ ಹುಡುಗನೊಬ್ಬನು ಇದೇ ಊರಿನಲ್ಲಿ ಉರುಳುಗಲ್ಲು ಎಳೆದು ದೊಡ್ಡವನಾದ ಕಥೆಯನ್ನು ಮಕ್ಕಳಿಗೂ ಕೇಳಿಸುವಂತೆ ಹೇಳಿರಿ. ಪೇಟೆಯ ತಾಲೀಮಿನಲ್ಲಿ ಹೊತ್ತು ಮೂಡುವ ಮುನ್ನ ನಡೆಯುವ ಕಸರತ್ತನ್ನು ತೋರಿಸಿರಿ. 1994ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕಟ್ಟಿದ ಬಾಲೇವಾಡಿಯ ಕ್ರೀಡಾಂಗಣವೂ ಇದೆ. ಕುದುರೆ ನೋಡುವ ಹುಮ್ಮಸ್ಸಿದ್ದರೆ ಅದನ್ನೂ ನೋಡಲಿ. ಓಡುವ ಕುದುರೆಯಷ್ಟು ಸುಂದರವಾದ ವಸ್ತು ಲೋಕದಲ್ಲಿ ಬಹಳವಿಲ್ಲ. ಚೀಲದಲ್ಲಿ ಬಸ್ಸಿನ ದುಡ್ಡಷ್ಟೇ ಇರಲಿ.

ನಮ್ಮ ಕಾಕಾ ಅಂದು ಮರಳಿ ಬರುವಾಗ ಆ ಬಯಲನ್ನು ಇನ್ನೊಮ್ಮೆ ತಿರುಗಿ ನೋಡಿ, “ಜ್ವಾಳಾ ಬಿತ್ತಿದ್ರ ನಾಕ್ ಮಂದೀ ಹೊಟ್ಟೀ ತುಂಬತಿತ್ತು” ಎಂದಿದ್ದರು. ಅಷ್ಟು ಕಠಿಣವಾದ ತೀರ್ಪನ್ನು ನಾವು ಕೊಡಲಾರೆವು. ಮನುಷ್ಯನಿಗೆ ಜೋಳದಂತೆಯೇ ಆಟವೂ ಬೇಕು. ಆದರೆ ಆಟಕ್ಕೆಂದು ಹೋದವನು ಮನೆಯ ಜೋಳವನ್ನು ಕಳೆದುಕೊಂಡು ಬರಬಾರದು.